ನಾಲ್ಕು ಬತ್ತಿ ಕಡಿಮೆ

ಆ ಸೋಮವಾರ ಬೆಳಿಗ್ಗೆ ನಾನು ಹೂಬತ್ತಿ ಹೊಸೆಯುತ್ತ ಕುಳಿತಿದ್ದೆ. ಲಕ್ಷ ಬತ್ತಿಯ ಹರಕೆ. ನೂರಾದ ಕೂಡಲೇ ಒಂದು ಕಟ್ಟು. ಅದಕ್ಕಿಂತ ಮುಂದಿನ ಲೆಕ್ಕ ನನಗೆ ಬಾರದು. ಈ ತೆಲುಗು ಊರಿನ ಇನ್ನೊಂದು ತುದಿಯ ಮಾದಾಪುರದಿಂದ ನಮ್ಮ ಮನೆಯವರ ಫೋನು ಬಂತು. ಅವರು ಅಲ್ಲಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅಲ್ಲಿಯ ಗಾಜಿನ ಕಟ್ಟಡಗಳನ್ನು ಜನ ಬೆರಗಾಗಿ ನೋಡುತ್ತಾರಂತೆ. ಅಲ್ಲಿನ ಹವಾ ನನಗೆ ತಿಳಿಯುವುದು ಊಟದ ಡಬ್ಬಿಯಿಂದ. ಕೆಲಸದಿಂದ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಎದ್ದ ಹದಿನೈದು ದಿನದಿಂದ ಅದು ಅರ್ಧ ತುಂಬಿಕೊಂಡೇ ಮನೆಗೆ ಬರುತ್ತಿತ್ತು.

“ಸಂಬಳದಾಗ ಇಪ್ಪತ್ತು ಪರ್ಸೆಂಟ್ ಕಡಿಮಿ ಮಾಡ್ಯಾರ. ವರ್ಷ ಆದಮ್ಯಾಲೆ ಇಪ್ಪತ್ತು ಪರ್ಸೆಂಟ್ ಹೆಚ್ಚ ಮಾಡ್ತಾರಂತ” ಎಂದರು.

ಇದ್ದಷ್ಟಕ್ಕೇ ಬಂತಲ್ಲ, ಸಾಕು ಬಿಡಿ ಎಂದೆ. ಕೆಲಸ ಉಳಿಯಿತೆಂದು ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿ, ಅದೇ ಧೈರ್ಯದ ಮೇಲೆ ಉಪ್ಪಲ್ಲಿನ ಸೀರೆ ಅಂಗಡಿಗೆ ಹೊರಟೆ. ಶುಕ್ರವಾರ ನಾದಿನಿಯ ಮಗಳ ಕುಬಸ. ಚೊಚ್ಚಲ ಬಸುರಿಗೆ ಸೋದರಮಾವನ ಹೆಂಡತಿಯಾದ ನಾನು ಹೊಸ ಹಸಿರು ಸೀರೆ ಉಡಿಸದಿದ್ದರೆ ಬೀಗರ ಮುಂದೆ ನಾದಿನಿಯ ತಲೆ ತಗ್ಗುತ್ತದೆ.

ಅಂಗಡಿಯಲ್ಲಿ ಐವತ್ತು ಪರ್ಸೆಂಟ್, ಮೇಲೆ ಮತ್ತೆ ಇಪ್ಪತ್ತು ಪರ್ಸೆಂಟ್ ಕಡಿತ ಎಂದು ಬೋರ್ಡು ಹಾಕಿದ್ದರು. ಐವತ್ತಕ್ಕೆ ಇಪ್ಪತ್ತು ಸೇರಿದರೆ ಎಪ್ಪತ್ತು. ಮೂರು ಸಾವಿರದ ರೇಷ್ಮೆ ಸೀರೆ ಒಂಬೈನೂರಕ್ಕೆ! ನನ್ನ ಪರ್ಸಿನಲ್ಲಿದ್ದದ್ದು ಬಸ್ಸಿನ ಖರ್ಚೂ ಸೇರಿ ಒಂದು ಸಾವಿರ. ಬಿಲ್ಲು ಹಾಕುವ ಹುಡುಗಿ ಮಾತ್ರ ಸಾವಿರದ ಇನ್ನೂರು ಎಂದಳು. ಬೋರ್ಡು ಓದಲು ನಿನಗೆ ಬರುವುದಿಲ್ಲವೇ ಎಂದು ನನ್ನ ಹರುಕು ತೆಲುಗಿನಲ್ಲಿ ಅವಳನ್ನೇ ಕೇಳಿದೆ. ಅವಳು ಪಾಪ ಎರಡು ಸಲ ತಿಳಿಸಿ ಹೇಳಿದಳು. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, ಹಿಂದೆ ಸಾಲಿನಲ್ಲಿ ಒಂದು ಹತ್ತಿ ಸೀರೆ ಹಿಡಿದು ನಿಂತಿದ್ದ ಹೆಂಗಸು ಮುಂದೆ ಬಂದಳು. ರಾಯಚೂರು ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು. ಸೀರೆಯಂಚಿಗೆ ಸಿಮೆಂಟು ಹತ್ತಿತ್ತು.

“ಅಕ್ಕಾರ, ಅರ್ಧಾ ಹೋದಮ್ಯಾಲೆ ಉಳಿದ ಅರ್ಧದಾಗ ಇಪ್ಪತ್ತು ಹೋಗತೈತ್ರಿ. ಇಡೀ ರೊಟ್ಟ್ಯಾಗ ಅಲ್ಲ, ಮುರದ ರೊಟ್ಟ್ಯಾಗ ಮುರೀತಾರ.”

ಸಾಲಿನವರು ನಕ್ಕರು. ನಾನು ಸೀರೆಯನ್ನು ಅಲ್ಲೇ ಇಟ್ಟು ಬಸ್ಸು ಹತ್ತಿದೆ. ಮುರಿದ ರೊಟ್ಟಿಯ ಮಾತು ಮಾತ್ರ ನನ್ನ ಜೊತೆಗೇ ಬಂತು.

ಮನೆಗೆ ಬಂದವಳು ನೂರು ಬತ್ತಿಯ ಕಟ್ಟು ಬಿಚ್ಚಿದೆ. ಸಂಬಳದ ಹಾಗೆ ಇಪ್ಪತ್ತು ತೆಗೆದೆ, ಎಂಬತ್ತು ಉಳಿಯಿತು. ಎಂಬತ್ತಕ್ಕೆ ಇಪ್ಪತ್ತು ಪರ್ಸೆಂಟ್ ಎಂದರೆ ಹದಿನಾರು; ಅಷ್ಟನ್ನು ತಿರುಗಿ ಸೇರಿಸಿದೆ. ಮೂರು ಸಲ ಎಣಿಸಿದೆ. ತೊಂಬತ್ತಾರೇ. ನಾಲ್ಕು ಬತ್ತಿ ಎಲ್ಲಿಗೂ ಸೇರದೆ ನೆಲದ ಮೇಲೆ ಉಳಿದವು.

ಸಂಜೆ ಅವರು ಬೂಟು ಬಿಚ್ಚುವಾಗ ಕೇಳಿದೆ, “ಇದು ನಿಮಗ ಗೊತ್ತಿತ್ತೇನ್ರೀ?”

“ಗೊತ್ತಿತ್ತು. ನೀ ಇದ್ದಷ್ಟಕ್ಕ ಬಂತು ಅಂದಿ. ಒಂದ ದಿನಾ ನನಗೂ ಹಂಗ ಅನಸ್ಲಿ ಅಂತ ಸುಮ್ಮನಾದೆ.”

ನಾನು ಎದ್ದು ಒಳಗೆ ಹೋದೆ. ಪೆಟ್ಟಿಗೆಯ ತಳದಲ್ಲಿ ತವರಿನವರು ಕೊಟ್ಟ ಹಸಿರು ಸೀರೆಯಿತ್ತು, ಮಡಿಕೆಯನ್ನೂ ಮುರಿದಿರಲಿಲ್ಲ. ಅದನ್ನು ತೆಗೆದು ಶುಕ್ರವಾರಕ್ಕೆಂದು ಇಟ್ಟೆ. ದೇವರು ದೊಡ್ಡವನು, ನಾನು ಅದನ್ನು ಉಡುವ ಆಸೆ ಮಾಡಿದಾಗಲೆಲ್ಲ ಏನಾದರೊಂದು ನೆವ ತೆಗೆದು ತಡೆದಿದ್ದ. ಆ ತುಪ್ಪದ ದೀಪ ಇದಕ್ಕೇ ಜಮಾ ಆಗಲಿ ಎಂದುಕೊಂಡೆ.

ಆಮೇಲೆ ಜೋಳದ ಹಿಟ್ಟು ನಾದಿ ರೊಟ್ಟಿಗೆ ಕುಳಿತೆ. ಇವತ್ತಾದರೂ ಅವರ ತಾಟಿಗೆ ಇಡೀ ರೊಟ್ಟಿ ಬೀಳಲಿ ಎಂದು ಜೋಪಾನವಾಗಿ ತಟ್ಟಿದೆ. ಮೊದಲನೆಯದೇ ಹರಿಯಿತು. ಅದನ್ನು ನನ್ನ ತಾಟಿಗೆ ಹಾಕಿಕೊಂಡು, ಎರಡನೆಯದಕ್ಕೆ ಹಿಟ್ಟು ತೆಗೆದುಕೊಂಡೆ.