ನಾನು ದ್ರಾಕ್ಷಿ ಎಣ್ಣಿ ತಗೊಂಡ ಸುದ್ದಿ

ಕನ್ನಡಾಭಿಮಾನದಿಂದ ಮನುಷ್ಯ ಸತ್ತೇಹೋಗಬಹುದು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಹೋದ ವರ್ಷ ಒಂದು ದಿನ ಬೆಳಗಿನ ಆರೂವರೆಯಿಂದ ಮಧ್ಯಾಹ್ನ ಒಂದರವರೆಗೆ ಸತ್ತಿದ್ದೆ. ಅಷ್ಟು ಹೊತ್ತೂ ಇಂಡಿ ಬಸ್ ನಿಲ್ದಾಣದಲ್ಲೇ ಇದ್ದೆ, ಡ್ಯೂಟಿಯ ಮೇಲೆಯೇ ಇದ್ದೆ, ನನಗೆ ಮಾತ್ರ ಗೊತ್ತಿರಲಿಲ್ಲ.

ನಾನು ಅಲ್ಲಿ ಕಂಟ್ರೋಲರ್. ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ಇವತ್ತು ಬರುವುದೇ ಇಲ್ಲ ಎಂದು ಇಪ್ಪತ್ತೆಂಟು ವರ್ಷಗಳಿಂದ ಮೈಕಿನಲ್ಲಿ ಕೂಗುತ್ತಿದ್ದೇನೆ. ಕೂಗುವುದೆಲ್ಲ ಶುದ್ಧ ಕನ್ನಡದಲ್ಲಿ. ಇದಕ್ಕಾಗಿ ಕಂಡಕ್ಟರುಗಳು ನನ್ನ ಹಿಂದೆ ನಗುತ್ತಾರೆ, ನಗಲಿ. ತೊಂದರೆ ಇದ್ದದ್ದು ನಾಲಿಗೆಯಲ್ಲಲ್ಲ, ಬೆರಳುಗಳಲ್ಲಿ. ಬೆಳಿಗ್ಗೆ ಎದ್ದರೆ ಸಂದುಗಳು ಬಿಗಿದುಕೊಂಡು ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಹೆಂಡತಿ ಶಾಂತಾ ಇದ್ದಾಗ ಬೈಯುತ್ತ ಬೈಯುತ್ತ ಅವಳೇ ಹಾಕಿ ಕಳಿಸುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಗಿತ್ತು. ಮೇಲಿನ ಎರಡು ಗುಂಡಿ ಬಿಟ್ಟುಕೊಂಡೇ ಡ್ಯೂಟಿಗೆ ಹೋಗುತ್ತಿದ್ದೆ. ಗಡ್ಡ ಮಾಡಿಕೊಳ್ಳುವುದೂ ಹಾಗೆಯೇ, ಕೈ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಔಷಧದಂಗಡಿಯವನು ಒಂದು ಡಬ್ಬಿ ಕೊಟ್ಟ. "ಬ್ಲ್ಯಾಕ್ ಕರಂಟ್ ಸೀಡ್ ಆಯಿಲ್ ಅಂತ್ರಿ. ದಿನಾ ಎರಡು ಗುಳಗಿ. ಭಾಳ ಮಂದಿ ತಗೋತಾರ, ಸಂದಿಗೆ ಚಲೋ ಅಂತಾರ." ಚಲೋ ಅನ್ನುವವರು ಯಾರು ಎಂದು ನಾನೂ ಕೇಳಲಿಲ್ಲ, ಡಾಕ್ಟರರನ್ನಂತೂ ಕೇಳಲೇ ಇಲ್ಲ. ಆದರೆ ಹೆಸರು ನನ್ನನ್ನು ಕಾಡಿತು. ಒಬ್ಬ ಡ್ರೈವರನಿಗೆ ತೋರಿಸಿದರೆ ಅವನು, "ಕರಂಟ ಹೊಡಿತೈತೇನ್ರಿ? ಲೈನ್‌ಮನ್‌ಗೋಳು ತಗೊಳ್ಳೂದೇನು?" ಎಂದ. ಅಂದೇ ಕುಳಿತು ಕನ್ನಡಕ್ಕೆ ತಿರುಗಿಸಿದೆ: ಕರಿ ದ್ರಾಕ್ಷಿ ಬೀಜದ ಎಣ್ಣೆ. ಅದು ನಮ್ಮ ದ್ರಾಕ್ಷಿಯ ಜಾತಿಯೇ ಅಲ್ಲ, ಚಳಿ ದೇಶದ ಬೇರೆಯೇ ಹಣ್ಣು ಎಂದು ಡಾಕ್ಟರರು ಆಮೇಲೆ ಹೇಳಿದರು. ಆ ಹೊತ್ತಿಗೆ ನಾನು ಸತ್ತು ಬದುಕಿ ಆಗಿತ್ತು.

ಎರಡು ಗುಳಿಗೆಗೆ ಬೆರಳು ಸಡಿಲವಾಗದ ಕಾರಣ ಒಂದು ದಿನ ನಾಲ್ಕು ನುಂಗಿದೆ. ಬೆರಳು ಹಾಗೆಯೇ ಇತ್ತು, ಹೊಟ್ಟೆ ಸಡಿಲವಾಯಿತು. ಗಡಿಬಿಡಿಯಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟು ನಿಲ್ದಾಣಕ್ಕೆ ಓಡಿದೆ. ಮುದ್ದೇಬಿಹಾಳದ ಮೊದಲ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ದಸ್ತಗೀರ ಕಿಟಕಿಯಲ್ಲಿ ಬಗ್ಗಿ ಕೇಳಿದ, "ಯಾಕ್ರಿ ಸರ, ಮಾರಿ ಯಾಕೋ ಬಾಡೇತಲ್ರಿ?"

"ಹೊಟ್ಟಿ ಸರಿ ಇಲ್ಲಪಾ. ಕರಿ ದ್ರಾಕ್ಷಿ ಎಣ್ಣಿ ತಗೊಂಡೇನಿ," ಎಂದು ಹೇಳಿ ನಾನು ಹಿಂದಿನ ಶೌಚಾಲಯಕ್ಕೆ ನಡೆದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ದಸ್ತಗೀರ ಏನೋ ಕೂಗಿದ, ನನಗೆ ನಿಲ್ಲುವ ಸ್ಥಿತಿ ಇರಲಿಲ್ಲ.

ಹೊರಗಿನವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಒಗ್ಗರಣೆಗೆ ಹಾಕುವುದು ಒಳ್ಳೆಣ್ಣಿ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಅನ್ನುವುದು ಬರೀ ಎಣ್ಣಿ. ಇಂಡಿಯ ಸುತ್ತ ದ್ರಾಕ್ಷಿ ತೋಟಗಳು. ದ್ರಾಕ್ಷಿ ಎಣ್ಣಿ ಎಂದರೆ ಏನು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣಿ ತಗೊಂಡ ಎಂಬ ಮಾತಿಗಂತೂ ಒಂದೇ ಅರ್ಥ. ಹುಟ್ಟಿದಾಗಿನಿಂದ ಈ ಮಾತು ಕೇಳಿದವನು ನಾನು, ನನ್ನ ಅನುವಾದದ ಸಂಭ್ರಮದಲ್ಲಿ ಅದನ್ನು ಮರೆತಿದ್ದೆ.

ಸಿಂದಗಿಯಲ್ಲಿ ಚಹಾಕ್ಕೆ ನಿಂತಾಗ ಸುದ್ದಿ "ಇಂಡಿ ಕಂಟ್ರೋಲರ್ ದ್ರಾಕ್ಷಿ ಎಣ್ಣಿ ತಗೊಂಡಾನ" ಎಂದಿತ್ತು. ಮುದ್ದೇಬಿಹಾಳದಲ್ಲಿ ಅದು "ದವಾಖಾನಿಗೆ ಒಯ್ದಾರಂತ" ಆಯಿತು. ಅಲ್ಲಿಂದ ಬಸವನ ಬಾಗೇವಾಡಿಯ ಬಸ್ಸು ಹತ್ತಿದ್ದು "ಹೋದನಂತ, ಪಾಪ" ಎಂಬುದು. ಬಾಗೇವಾಡಿ ನಿಲ್ದಾಣದ ಎದುರಿಗೆ ಖಾನಾವಳಿ ನಡೆಸುವವಳು ನನ್ನ ಅಕ್ಕ ಗೌರಕ್ಕ. ಡ್ರೈವರು, ಕಂಡಕ್ಟರುಗಳೆಲ್ಲ ಉಣ್ಣುವುದು ಅವಳ ಕೈಯ ರೊಟ್ಟಿ. ಆ ಸತ್ತವನು ಯಾರ ತಮ್ಮ ಎಂದು ತಿಳಿಯದೆ ಒಬ್ಬ ಊಟಕ್ಕೆ ಕುಳಿತು ಹೇಳಿಬಿಟ್ಟ.

ಒಂದು ಗಂಟೆಗೆ ಗೌರಕ್ಕ ಇಂಡಿಯಲ್ಲಿ ಇಳಿದಳು. ಮೊಣಕೈವರೆಗೆ ಜೋಳದ ಹಿಟ್ಟು ಒಣಗಿ ಬಿಳಿಚಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಿದ್ದೆ. ನನ್ನ ದನಿ ಕೇಳಿ ಅವಳು ನಿಂತಲ್ಲೇ ನೆಲಕ್ಕೆ ಕುಳಿತಳಂತೆ. ಆಮೇಲೆ ಎದ್ದು ಬಂದು, ಕಿಟಕಿಯೊಳಗೆ ಕೈ ಹಾಕಿ ಕಪಾಳಕ್ಕೆ ಒಂದು ಬಿಟ್ಟಳು. ಮೈಕು ಚಾಲೂ ಇತ್ತು. ಇಡೀ ನಿಲ್ದಾಣ ಕೇಳಿತು.

"ಖೋಡಿ! ಹೊಟ್ಟಿ ಸರಿ ಇಲ್ಲ ಅಂದಿಯಂತ?"

ಇಷ್ಟು ಹೊತ್ತು ನಗಿಸಲು ನೋಡಿದೆ, ಇಲ್ಲಿ ನನ್ನ ಕೈಲಾಗುವುದಿಲ್ಲ. ಹದಿನೆಂಟು ವರ್ಷದ ಹಿಂದೆ ಝಳಕಿಯ ತೋಟದಲ್ಲಿ ಗೌರಕ್ಕನ ಗಂಡ, ನಮ್ಮ ಭಾವ, ಎಣ್ಣಿ ತಗೊಂಡ. ಸಾಲವಿರಲಿಲ್ಲ, ಜಗಳವಿರಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಆ ಬೆಳಿಗ್ಗೆ ಅಕ್ಕನಿಗೆ ಅವನು ಹೇಳಿದ್ದು ಒಂದೇ, "ಹೊಟ್ಟಿ ಯಾಕೋ ಸರಿ ಇಲ್ಲ." ಇವಳು ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ, "ಅಜವಾನ ತಿನ್ನು" ಅಂದಿದ್ದಳು.

ಡಬ್ಬಿ ತೋರಿಸಿದೆ, ಗುಳಿಗೆ ತೋರಿಸಿದೆ, ನಾಚಿಕೆ ಬಿಟ್ಟು ಶೌಚಾಲಯವನ್ನೂ ತೋರಿಸಿದೆ. ಅಕ್ಕನಿಗೆ ನಂಬಿಕೆ ಬಂತು. ಸುತ್ತ ನಿಂತವರು ನಕ್ಕು ಚದುರಿದರು. ಆದರೆ ನನ್ನನ್ನು ಹೊಟ್ಟೆಗಿಂತ ಹೆಚ್ಚು ನೋಯಿಸಿದ್ದು ಬೇರೆ. ನಾಲ್ಕು ತಾಲ್ಲೂಕು ದಾಟಿದ ಸುದ್ದಿಗೆ ಒಬ್ಬನಾದರೂ "ಛೇ, ಅಂವ ಅಂಥಾವಲ್ಲ" ಎಂದಿರಲಿಲ್ಲ. ಗುಂಡಿ ಹಾಕ್ತಿರಲಿಲ್ಲ, ಗಡ್ಡ ಬಿಟ್ಟಿದ್ದ, ಹೆಂಡತಿ ಹೋದ ಮೇಲೆ ಮೈಕಿನಾಗ ಬಿಟ್ರ ಮಾತ ಇರಲಿಲ್ಲ ಎಂದು ಸಾಕ್ಷಿ ಕೊಟ್ಟಿದ್ದರು.

ಎಲ್ಲರೂ ಹೋದ ಮೇಲೆ ಅಕ್ಕ ನನ್ನ ಅಂಗಿಯ ಗುಂಡಿ ಹಾಕುತ್ತ ಮೆಲ್ಲಗೆ ಕೇಳಿದಳು, "ಖರೇ ಹೇಳು ತಮ್ಮಾ. ಒಮ್ಮಿನೂ ಮನಸಿನ್ಯಾಗ ಬಂದಿಲ್ಲೇನು?"

"ಇಲ್ಲಕ್ಕ," ಎಂದೆ. ಸುಳ್ಳು ಹೇಳಿದೆ. ಅದು ಸುಳ್ಳೆಂದು ಅವಳಿಗೂ ಗೊತ್ತಾಯಿತು.

ಡಬ್ಬಿಯನ್ನು ಅವಳೇ ಒಯ್ದಳು. ಈಗ ಡಾಕ್ಟರರು ಹೇಳಿದ ಮದ್ದು ತಗೊಳ್ಳುತ್ತಿದ್ದೇನೆ, ಬೆರಳು ಅಷ್ಟಕ್ಕಷ್ಟೆ. ಆದರೆ ದಿನಾ ಒಂಬತ್ತಕ್ಕೆ ಬಾಗೇವಾಡಿಯ ಬಸ್ಸಿನಿಂದ ಕಂಡಕ್ಟರ್ ಇಳಿದು, ಎಂಟ್ರಿ ಮಾಡಿಸುವ ಮೊದಲೇ ಕಿಟಕಿಯಲ್ಲಿ ಬಗ್ಗುತ್ತಾನೆ. "ಗೌರಕ್ಕಾರು ಕೇಳ್ಯಾರ್ರಿ, ಅದಾನೋ ಇಲ್ಲೋ ಅಂತ." ನಾನು ಮುಖ ಗಂಟಿಕ್ಕಿಕೊಂಡು, "ಅದಾನ ಅಂತ ಹೇಳು" ಎನ್ನುತ್ತೇನೆ. ಎಲ್ಲರೆದುರು ಇದೇನು ಹಾಜರಿ ಎಂದು ಸಿಟ್ಟೂ ಬರುತ್ತದೆ. ಆದರೂ ಆ ಬಸ್ಸು ಹತ್ತು ನಿಮಿಷ ತಡವಾದರೆ, ಪ್ರಯಾಣಿಕರಿಗಿಂತ ಮೊದಲು ಎದ್ದು ಹೊರಗೆ ಬಂದು ರಸ್ತೆ ನೋಡುವವನು ನಾನೇ.