ಮಾವ ತಂದ ದಾರಿದೀಪ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಸುಮಂತನನ್ನು ಆಫೀಸಿನ ಗೆಳೆಯನೊಬ್ಬ ಶನಿವಾರ ಊಟಕ್ಕೆ ಕರೆದಿದ್ದ. ವಿಳಾಸ ಕೇಳಿದರೆ ಬರೀ ಪೋಸ್ಟ್‌ಕೋಡ್ ಕಳಿಸಿದ. ಪಿನ್ ಕೋಡ್ ಎಂದರೆ ಅರ್ಧ ಜಯನಗರ ಎಂದು ತಿಳಿದು ಬೆಳೆದ ಸುಮಂತ, "ಕೋಡ್ ಸಿಕ್ಕಿತು, ಇನ್ನು ದಾರಿ ಹೇಳು. ಯಾವ ಸ್ಟಾಪಿನಲ್ಲಿ ಇಳಿಯಲಿ? ಎದುರಿಗೆ ಬೇಕರಿ ಏನಾದರೂ ಇದೆಯೇ?" ಎಂದು ವಿಚಾರಿಸಿದ. ಆತ ಅದೇ ಪೋಸ್ಟ್‌ಕೋಡನ್ನು ಇನ್ನೊಮ್ಮೆ ಕಳಿಸಿದ. ಆಗ ಸುಮಂತನಿಗೆ ಜ್ಞಾನೋದಯವಾಯಿತು: ಓಹೋ, ಇದು ಇಂಗ್ಲಿಷರ ನಯ ನಾಜೂಕು! ಕರೆಯುವುದು ಬಾಯಿಮಾತಿಗೆ; ಬರುವುದು ಬೇಡ, ಅಂಚೆಯಲ್ಲಿ ಶುಭಾಶಯ ಹಾಕಿದರೆ ಸಾಕು ಎಂದು ಇದರರ್ಥ. ಚೆಂದದ ಕಾರ್ಡೊಂದನ್ನು ಕೊಂಡು ಡಬ್ಬಕ್ಕೆ ಹಾಕಿ, ಮನೆಗೆ ಬಂದು ಉಪ್ಪಿಟ್ಟು ತಿಂದು ಮಲಗಿದ. ಅತ್ತ ಆ ಗೆಳೆಯ ಇವನಿಗೋಸ್ಕರ ಮಾಡಿಟ್ಟ ಸಸ್ಯಾಹಾರಿ ಅಡುಗೆಯನ್ನು ವಾರವಿಡೀ ತಾನೇ ತಿಂದನಂತೆ.

ಅಂಥವನಿಗೂ ಕಾಲಕ್ರಮೇಣ, ಹತ್ತಿಪ್ಪತ್ತು ಮನೆಗೊಂದರಂತೆ ಇರುವ ಅಲ್ಲಿನ ಪೋಸ್ಟ್‌ಕೋಡ್ ಅರ್ಥವಾಯಿತು, ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು, ಸಂಯುಕ್ತಾ ಎಂಬ ಹೆಂಡತಿಯೂ ಸಿಕ್ಕಳು. ದಾರಿಯೊಂದು ಮಾತ್ರ ಸಿಗಲಿಲ್ಲ. ಕೊವೆಂಟ್ರಿಯಿಂದ ಬರ್ಮಿಂಗ್‌ಹ್ಯಾಮಿಗೆ ಸಿನಿಮಾಕ್ಕೆಂದು ಹೊರಡಿಸಿದ ಹೊಸ ಹೆಂಡತಿಯನ್ನು ಇಂಟರ್ವಲ್ ಹೊತ್ತಿಗೆ ಡರ್ಬಿ ತಲುಪಿಸಿದ್ದ. (ಡರ್ಬಿಯಲ್ಲೂ ಅದೇ ಸಿನಿಮಾ ಇತ್ತು. ಅವಳ ಮುಖ ನೋಡಿ ಟಿಕೆಟ್ ತೆಗೆಯುವ ಧೈರ್ಯ ಬರಲಿಲ್ಲ.) ಅಂದಿನಿಂದ ಕಾರಿನ ಕೀಲಿ ಅವಳ ಬ್ಯಾಗಿನಲ್ಲಿ, ಸುಮಂತ ಅವಳ ಎಡಗಡೆಯ ಸೀಟಿನಲ್ಲಿ. ಶಾಸ್ತ್ರದ ಪ್ರಕಾರ ಗಂಡನ ವಾಮಭಾಗದಲ್ಲಿ ಹೆಂಡತಿ ಇರಬೇಕು. ಈ ಸಂಸಾರದಲ್ಲಿ ಗಂಡನೇ ವಾಮಭಾಗ.

ಹೀಗಿರುವಾಗ ಮೈಸೂರಿನಿಂದ ಮಾವ ಶಿವಕುಮಾರ, ಅತ್ತೆ ಭಾಗೀರಥಿ ಬಂದಿಳಿದರು. ಮಾವ ಪಿಡಬ್ಲ್ಯುಡಿಯ ನಿವೃತ್ತ ಎಂಜಿನಿಯರ್. ಜಗತ್ತಿನ ರಸ್ತೆಗಳೆಲ್ಲ ತಮ್ಮ ಇಲಾಖೆಯವೇ ಎಂಬ ಭಾವ ಇನ್ನೂ ಹೋಗಿಲ್ಲ. ಸೂಟ್‌ಕೇಸಿನಿಂದ ಉಪ್ಪಿನಕಾಯಿಗಿಂತ ಮೊದಲು ಒಂದು ಕಪ್ಪು ಜಿಪಿಎಸ್ ಡಬ್ಬಿ ಹೊರಬಂತು. ಕಾರಿನ ಗಾಜಿಗೆ ಅಂಟಿಸುವಂಥದ್ದು, ಮೊಬೈಲು ಇಷ್ಟು ಬಲಿಯುವ ಮೊದಲಿನ ಕಾಲದ್ದು.

"ಅಳಿಯಂದಿರಿಗೆ ದಾರಿ ತಪ್ಪುತ್ತೆ ಅಂತ ಸಂಯು ಹೇಳಿದ್ಳು," ಎಂದರು ಮಾವ, ಕಾಫಿಗೆ ಸಕ್ಕರೆ ಕಡಿಮೆ ಎನ್ನುವಷ್ಟೇ ಸಹಜವಾಗಿ. "ನನ್ನ ಕಾರಿಂದಲೇ ಬಿಚ್ಚಿಕೊಂಡು ಬಂದೆ. ಯೂರೋಪಿನ ಮ್ಯಾಪು ಪೂರ್ತಿ ಹಾಕಿಸಿದೀನಿ. ಅಂಗಡಿಯವನು ಐಸ್‌ಲ್ಯಾಂಡನ್ನ ಕೊಸರು ಕೊಟ್ಟ!"

ಕಾರಿಗೆ ಅಂಟಿಸಿ ಚಾಲೂ ಮಾಡಿದರೆ, ಕೊವೆಂಟ್ರಿಯ ಗಲ್ಲಿಯಲ್ಲಿ ನಿಂತಿದ್ದ ಕಾರು ಮೈಸೂರಿನ ಸರಸ್ವತಿಪುರಂನಲ್ಲಿದೆ ಎಂದು ಡಬ್ಬಿ ಸಾಧಿಸಿತು. "ಭಾಗೀ, ಬಾ ಇಲ್ಲಿ, ನಮ್ಮ ಮನೆ ರಸ್ತೆ ಕಾಣ್ತಿದೆ!" ಎಂದು ಮಾವ ಕರೆದರು. ಅತ್ತೆ ಬಂದು ನೋಡಿ, "ತುಳಸಿಗೆ ನೀರು ಹಾಕ್ತಿದ್ದಾಳೋ ಇಲ್ವೋ ಆ ಕೆಲಸದವಳು," ಎಂದು ಪರದೆಯನ್ನೇ ಬಗ್ಗಿ ನೋಡಿದರು.

ಮಾವ ಕೊಟ್ಟ ಉಂಗುರ ಬಿಗಿಯಾದರೆ ಬೆರಳನ್ನು ತೆಳ್ಳಗೆ ಮಾಡಿಕೊಳ್ಳಬೇಕೇ ಹೊರತು ಉಂಗುರವನ್ನು ವಾಪಸ್ ಕೊಡುವಂತಿಲ್ಲ. ಸುಮಂತ ಹಲ್ಲು ಕಿರಿದು, "ತುಂಬಾ ಉಪಯೋಗವಾಯ್ತು ಮಾವ," ಎಂದ. ಆ ಮಾತು ಅವನ ಕೊರಳಿಗೇ ಬಿತ್ತು. ಮುಂದಿನ ಭಾನುವಾರ ಲೀಡ್ಸಿನಲ್ಲಿ ಆಶಿಷ್ ಮತ್ತು ಸಿಂಚನಾ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಿದ್ದರು. ಕೊವೆಂಟ್ರಿಯ ಗೆಳೆಯರೆಲ್ಲ ಹೊರಟಿದ್ದರು. "ಅಳಿಯಂದಿರು ಮುಂದೆ ಹೋಗಲಿ, ಮಿಕ್ಕವರು ಹಿಂದೆ ಬರಲಿ," ಎಂದು ಮಾವ ಆಜ್ಞೆ ಹೊರಡಿಸಿದರು.

ಆ ರಾತ್ರಿ ಸಂಯುಕ್ತಾ ಕೋಣೆಯ ಬಾಗಿಲು ಹಾಕಿದಳು. (ಅಪ್ಪನ ಎದುರಿಗೆ 'ರೀ', ಬಾಗಿಲು ಹಾಕಿದ ಮೇಲೆ 'ಲೋ'.)

"ಲೋ, ಅಪ್ಪನ ಮುಂದೆ ನಿನ್ನ ಮಾನ ಉಳೀಲಿ ಅಂತ ಕೀಲಿ ಕೊಡ್ತಿದೀನಿ. ಮುಹೂರ್ತಕ್ಕೆ ಮುಂಚೆ ಎಲ್ಲರನ್ನೂ ಮುಟ್ಟಿಸಿದರೆ ಕಾರು ನಿನ್ನದು, ನಾನು ಎಡಗಡೆ ಸೀಟಲ್ಲಿ ಕೂತು ಕಡ್ಲೆಕಾಯಿ ತಿನ್ನುತ್ತೀನಿ. ತಪ್ಪಿತೋ, ಸ್ಟೀರಿಂಗಿನ ಆಸೆ ಬಿಟ್ಟುಬಿಡು. ಜನ್ಮಪೂರ್ತಿ."

"ಆಗಲಿ!" ಎಂದು ಸುಮಂತ ಕೀಲಿಯನ್ನು ಕಣ್ಣಿಗೊತ್ತಿಕೊಂಡ.

ಭಾನುವಾರ ಬೆಳಿಗ್ಗೆ ದಂಡಯಾತ್ರೆ ಹೊರಟಿತು. ಅಷ್ಟರಲ್ಲಿ ತಾನು ಕೊವೆಂಟ್ರಿಯಲ್ಲಿದ್ದೇನೆಂದು ಒಪ್ಪಿಕೊಂಡಿದ್ದ ಡಬ್ಬಿ ಹೊಸ ಮನೆಯ ಪೋಸ್ಟ್‌ಕೋಡನ್ನು ಮಾತ್ರ ಒಪ್ಪದ್ದಕ್ಕೆ, ಮಾವ ಅದಕ್ಕೆ ಬಡಾವಣೆಯ ಹೆಸರನ್ನೇ ತುಂಬಿದ್ದರು. ಮುಂದೆ ಸುಮಂತನ ಕಾರು, ಅದರ ಹಿಂದೆ ನಿತಿನ್, ಕೊನೆಗೆ ಮಂಗಳೂರಿನ ಜಿತೇಶ್. ಅವನ ಕಾರಿನ ಹಿಂಗಾಜಿನ ತುಂಬ ಹುಳಿ, ಪಾಯಸದ ಸ್ಟೀಲ್ ಪಾತ್ರೆಗಳು. ಹಿಂದಿನ ಇಬ್ಬರೂ ವಿಳಾಸ ಕೇಳಿರಲಿಲ್ಲ. ಮುಂದೊಬ್ಬ ಹೋಗುತ್ತಿದ್ದಾನೆ ಎಂದಮೇಲೆ ವಿಳಾಸ ಕೇಳುವುದು ನಮ್ಮ ಜನರ ಜಾಯಮಾನದಲ್ಲೇ ಇಲ್ಲ. ಮೋಟರ್‌ವೇಯಲ್ಲಿ ಡಬ್ಬಿಯೊಳಗಿನ ಹೆಂಗಸು ಮಹಾ ಸಾಧ್ವಿಯಂತೆ ಸುಮ್ಮನಿದ್ದಳು. ಸುಮಂತ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಚಕ್ರವರ್ತಿಯ ಗತ್ತಿನಲ್ಲಿ ಮಾವನಿಗೆ ಕಾರ್ಖಾನೆಗಳನ್ನು ತೋರಿಸುತ್ತ ನಡೆದ.

ಲೀಡ್ಸ್ ಹತ್ತಿರವಾಗಿ ಮೋಟರ್‌ವೇ ಬಿಟ್ಟದ್ದೇ ತಡ, ಸಾಧ್ವಿಗೆ ಮೈಮೇಲೆ ಬಂತು. ಕಾರು ಹೊಚ್ಚ ಹೊಸ ರಸ್ತೆಯಲ್ಲಿತ್ತು. ಪರದೆಯ ಮೇಲೆ ಮಾತ್ರ ಹಸಿರು ಹೊಲದ ನಟ್ಟನಡುವೆ ಈಜುತ್ತಿತ್ತು. "ಸಾಧ್ಯವಾದರೆ ಹಿಂದಕ್ಕೆ ತಿರುಗಿ," ಎಂದಳು.

"ರಸ್ತೆ ಇದೆ, ಮ್ಯಾಪಿನಲ್ಲಿ ಇಲ್ಲ," ಎಂದ ಸುಮಂತ.

"ನಮ್ಮ ಇಲಾಖೆಯಲ್ಲಿ ಇದರ ಉಲ್ಟಾ," ಎಂದು ಮಾವ ಹೆಮ್ಮೆಪಟ್ಟರು. "ಮ್ಯಾಪಿನಲ್ಲಿ ಇರ್ತಿತ್ತು."

ಸಂಯುಕ್ತಾ ಸೆರಗಿನ ಮರೆಯಲ್ಲಿ ತನ್ನ ಮೊಬೈಲು ತೆಗೆದು ಪೋಸ್ಟ್‌ಕೋಡ್ ಒತ್ತಿದಳು. ಮನೆ ಎಷ್ಟು ಹೊಸದೆಂದರೆ ಮೊಬೈಲಿಗೂ ಅದರ ಪರಿಚಯವಿರಲಿಲ್ಲ. ಆಶಿಷ್‌ಗೆ ಫೋನು ಮಾಡಿದರೆ ಎಂಗೇಜು. ಮೈಸೂರಿನ ಪುರೋಹಿತರು ಅವನ ಫೋನಿನಲ್ಲೇ ವಿಡಿಯೋ ಮೂಲಕ ಪೂಜೆ ಮಾಡಿಸುತ್ತಿದ್ದರು. ಇನ್ನು ಡಬ್ಬಿಯೇ ಗತಿ.

ಅಷ್ಟರಲ್ಲಿ ಹೊಂಡದಷ್ಟು ದೊಡ್ಡ ರೌಂಡಬೌಟೊಂದು ಎದುರಾಯಿತು. ಮೂರನೆಯ ದಾರಿ ಹಿಡಿಯಲು ಡಬ್ಬಿ ಹೇಳಿತು. ಡಬ್ಬಿಯ ಕಾಲಕ್ಕಿಂತ ಈಚೆಗೆ ಅಲ್ಲಿ ದಾರಿಗಳ ಸಂತಾನ ಬೆಳೆದಿತ್ತು. ಮೂರನೆಯದು ಯಾವುದೆಂದು ನಿರ್ಧರಿಸುವಷ್ಟರಲ್ಲಿ ಅದು ದಾಟಿಹೋಯಿತು. ಸುಮಂತ ಇನ್ನೊಂದು ಸುತ್ತು ಹಾಕಿದ. ಮತ್ತೊಂದು ಹಾಕಿದ. ಹಿಂದಿನ ಸೀಟಿನಲ್ಲಿ ಅತ್ತೆ ಕೈಮುಗಿದು ಕೂತಿದ್ದರು. "ಬಲಕ್ಕೇ ಸುತ್ತುತ್ತಿದೆ, ಪ್ರದಕ್ಷಿಣೆ ಸರಿಯಾಗಿದೆ. ಬೆಸ ಸಂಖ್ಯೆಗೆ ನಿಲ್ಲಿಸಿ ಅಳಿಯಂದಿರೇ."

ಆಗ ಸುಮಂತನ ಕಣ್ಣಿಗೆ ಎದುರಿನ ಕಾರಿನ ಹಿಂಗಾಜಿನಲ್ಲಿ ಸ್ಟೀಲ್ ಪಾತ್ರೆಗಳು ಕಂಡವು. ಜಿತೇಶ್! ಯಾವ ಮಾಯದಲ್ಲಿ ಮುಂದೆ ಹೋದನೋ, ಪುಣ್ಯಾತ್ಮ, ಅವನಿಗೆ ದಾರಿ ಗೊತ್ತಿರಬೇಕು! ಹೋದ ಜೀವ ಬಂದಂತಾಗಿ ಸುಮಂತ ಅವನನ್ನೇ ಹಿಂಬಾಲಿಸಿದ. ಇನ್ನೆರಡು ಸುತ್ತಾಯಿತು. ಸಂಯುಕ್ತಾಳ ಮೊಬೈಲು ಹೊಡೆದುಕೊಂಡಿತು, ಸ್ಪೀಕರಿಗೆ ಹಾಕಿದಳು.

"ಎಂತ ಮಾರಾಯ್ರೆ, ತಲೆ ತಿರುಗ್ತಾ ಉಂಟು!" ಜಿತೇಶನ ದನಿ. "ಪಾಯಸ ಬೆಣ್ಣೆಯಾಗ್ತದೆ ಇನ್ನು!"

"ನೀನು ಹೋದ ಕಡೆ ಬರ್ತಿದೀನಪ್ಪ, ನೀನೇ ಹೊರಗೆ ಹೋಗು," ಎಂದ ಸುಮಂತ.

"ನಾನಾ? ನಾನು ನಿತಿನ್ ಹಿಂದೆ ಇದ್ದೇನೆ."

"ನಿತಿನ್ ಯಾರ ಹಿಂದೆ?"

"ನಿಮ್ಮ ಹಿಂದೆ!"

ಮೂರು ಕಾರುಗಳು ಒಂದರ ಬಾಲವನ್ನೊಂದು ಹಿಡಿದು, ತಲೆಯಿಲ್ಲದ ಹಾವಿನಂತೆ ಲೀಡ್ಸಿನ ಹೊರವಲಯದಲ್ಲಿ ಸುತ್ತುತ್ತಿದ್ದವು. ಸಂಯುಕ್ತಾ ಗಂಡನನ್ನು ನೋಡಲಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ತೂಗಾಡುತ್ತಿದ್ದ ಕೀಲಿಯನ್ನು ನೋಡಿದಳು.

ಕೈತಪ್ಪುತ್ತಿರುವ ಸಿಂಹಾಸನ ಎದುರಿಗೆ ಕಂಡು ಸುಮಂತ ಕಣ್ಣುಮುಚ್ಚಿ (ಅಂದರೆ ಒಂದು ಕಣ್ಣು) ಸಿಕ್ಕ ದಾರಿಗೆ ನುಗ್ಗಿದ. ಡಬ್ಬಿಯ ಹೆಂಗಸು ಥಟ್ಟನೆ ಶಾಂತಳಾದಳು. ಎಡಕ್ಕೆ ಎಂದಳು, ಬಲಕ್ಕೆ ಎಂದಳು, ಒಂದು ಕಿರಿದಾದ ಮಣ್ಣುದಾರಿಯ ಕೊನೆಯಲ್ಲಿ ಸಂತೃಪ್ತಿಯಿಂದ ಘೋಷಿಸಿದಳು: "ನೀವು ತಲುಪಿದ್ದೀರಿ."

ತಲುಪಿದ್ದು ಸಗಣಿಯ ವಾಸನೆ ಹೊಡೆಯುವ ಒಂದು ಫಾರ್ಮಿನ ಅಂಗಳಕ್ಕೆ. ಹಿಂದಿನ ಎರಡು ಕಾರುಗಳೂ ಬಂದು ಶಿಸ್ತಾಗಿ ಸಾಲಾಗಿ ನಿಂತವು. ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಎಲ್ಲರೂ ಕೆಳಗಿಳಿದರು.

"ಮನೆ ಎಲ್ಲೋ?" ಎಂದ ನಿತಿನ್.

"ಮನೆಗೇನು, ಕಟ್ಟಿಸಿದರಾಯ್ತು," ಎಂದಳು ಸಂಯುಕ್ತಾ.

ಕೊಟ್ಟಿಗೆಯಿಂದ ಗಂಬೂಟು ಹಾಕಿದ ಮುದುಕಿಯೊಬ್ಬಳು ಬಂದು ಸುಮಂತನನ್ನು, "ದಾರಿ ತಪ್ಪಿತೇ, ಲವ್?" ಎಂದು ಕೇಳಿದಳು. ಮಾವನ ಹುಬ್ಬು ಹಣೆಗೇರಿತು. ಮಗಳು, "ಈ ಕಡೆ ಎಲ್ಲರಿಗೂ ಹಾಗೇ ಅಂತಾರಪ್ಪ," ಎಂದು ಸಮಾಧಾನ ಮಾಡುವಷ್ಟರಲ್ಲಿ ಮುದುಕಿ ಮಾವನ ಕಡೆ ತಿರುಗಿ, "ನಿಮಗೆಲ್ಲಿಗೆ ಹೋಗಬೇಕು, ಲವ್?" ಎಂದಳು. ಮಾವ ಅವಸರವಾಗಿ ಮಫ್ಲರ್ ಸರಿಮಾಡಿಕೊಂಡರು. ಅತ್ತೆ ಅವರಿಬ್ಬರ ನಡುವೆ ಬಂದು ನಿಂತರು.

ವಿಷಯ ಕೇಳಿ ಮುದುಕಿ ನಕ್ಕು, ಬೇಲಿಯಾಚೆಗೆ ಕೈತೋರಿಸಿದಳು. ಅಲ್ಲಿ ಹೊಸ ಮನೆಗಳ ಸೂರುಗಳು ಸಾಲಾಗಿದ್ದವು. ಮೊದಲು ಅದೆಲ್ಲ ತಮ್ಮದೇ ಹೊಲವಂತೆ, ಬಡಾವಣೆಗೂ ಈ ಫಾರ್ಮಿನ ಹೆಸರನ್ನೇ ಇಟ್ಟಿದ್ದಾರಂತೆ. ಮಾರಿದ ಮೇಲೆ ಈಚೆ ಕಡೆ ಉಳಿದದ್ದು ಇಷ್ಟು. ಕಾರಿನಲ್ಲಾದರೆ ಬಹಳ ಸುತ್ತು, ನಡೆದರೆ ಇಗೋ ಈ ಗೇಟು ದಾಟಿದರಾಯಿತು. ಹೌದೆನ್ನುವಂತೆ ಆಚೆಯಿಂದ ಸ್ಪೀಕರಿನ ನಾದಸ್ವರ ತೇಲಿಬಂತು.

"ನೋಡಿದ್ಯಾ? ಯಂತ್ರ ಕರೆಕ್ಟು! ಹಿತ್ತಿಲ ಕಡೆಯಿಂದ ತಂದಿದೆ ಅಷ್ಟೇ!" ಎಂದು ಮಾವ ತೊಡೆ ತಟ್ಟಿದರು. ಎಲ್ಲರೂ ಪಾತ್ರೆಗಳನ್ನು ಹೊತ್ತು ಗೇಟಿನತ್ತ ಓಡುತ್ತಿರುವಾಗ ಅತ್ತೆ ಮಾತ್ರ ಕದಲಲಿಲ್ಲ. ಶಾಲೆಯ ಮಕ್ಕಳು ಮುಟ್ಟಿ ನೋಡಲೆಂದು ಪಳಗಿಸಿದ್ದ ಕಂದು ಬಣ್ಣದ ಪುಟ್ಟ ಹಸುವೊಂದು ಕಟ್ಟೆಯ ಬಳಿ ನಿಂತು ಅವರ ಸೆರಗನ್ನು ಮೂಸುತ್ತಿತ್ತು. "ಗೃಹಪ್ರವೇಶದ ದಿನ ಗೋವು ಎದುರಾಗಿದೆ. ಇದನ್ನ ಬಿಟ್ಟು ನಾನು ಬರೋದಿಲ್ಲ," ಎಂದರು.

ಸುಮಂತನ ತಲೆಯಲ್ಲಿ ಮಿಂಚು ಹೊಡೆಯಿತು. ಮುದುಕಿಯ ಬಳಿ ಹೋಗಿ, "ಅಮ್ಮಾ, ನಮ್ಮಲ್ಲಿ ಹೊಸ ಮನೆಗೆ ಮೊದಲು ಹಸು ಕಾಲಿಡಬೇಕು, ಆಮೇಲೆ ಯಜಮಾನ," ಎಂದು ಇಂಗ್ಲಿಷಿನಲ್ಲಿ ನಿವೇದಿಸಿಕೊಂಡ.

"ನಮ್ಮ ಮನೆಯಲ್ಲೂ ಅದೇ ಪದ್ಧತಿ, ಲವ್," ಎಂದು ಮುದುಕಿ ಹಗ್ಗ ಬಿಚ್ಚಿದಳು. "ನಡಿ. ಆ ಬಾಗಿಲ ತನಕ ತಾನೇ? ದೂರದ ಊರಾದರೆ ಇವಳ ಪಾಸ್‌ಪೋರ್ಟ್ ತೆಗೆಯಬೇಕಿತ್ತು." ತಮಾಷೆಯಲ್ಲ, ಆ ದೇಶದಲ್ಲಿ ಪ್ರತಿ ದನಕ್ಕೂ ಪಾಸ್‌ಪೋರ್ಟ್ ಇದೆ. ಸುಮಂತ ಹಸುವನ್ನು ಹೊಸ ಗೌರವದಿಂದ ನೋಡಿದ. ಅದು ಬ್ರಿಟಿಷ್ ಪ್ರಜೆ. ತಾನಿನ್ನೂ ವೀಸಾದ ಮೇಲಿದ್ದೇನೆ.

ಅತ್ತ ಆಶಿಷ್ ಹೊಸ ಮನೆಯ ಹೊಸ್ತಿಲಲ್ಲಿ, ಸೂಪರ್‌ಮಾರ್ಕೆಟ್ಟಿನಿಂದ ತಂದ ಹತ್ತಿಯ ಹಸುಗೊಂಬೆಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ. ಗೊಂಬೆಯ ಕಿವಿಯಲ್ಲಿ ಲೇಬಲು ನೇತಾಡುತ್ತಿತ್ತು. "ಮುಹೂರ್ತ ಬಂತು, ಗೋವನ್ನು ಒಳಗೆ ಬಿಡಿ," ಎಂದು ಫೋನಿನೊಳಗಿಂದ ಪುರೋಹಿತರು ಹೇಳುವುದಕ್ಕೂ, ಬೀದಿಯ ಕೊನೆಯಲ್ಲಿ ಸುಮಂತ ಹಗ್ಗ ಹಿಡಿದು ಪ್ರತ್ಯಕ್ಷನಾಗುವುದಕ್ಕೂ ಸರಿಹೋಯಿತು. ಹಿಂದೆ ರೇಷ್ಮೆ ಸೀರೆಗಳು, ಪಾಯಸದ ಪಾತ್ರೆ, ಕಟ್ಟಕಡೆಗೆ ಗಂಬೂಟು. ಎರಡೂ ಬದಿಯ ಮನೆಗಳ ಪರದೆಗಳು ಸರಿದವು.

ಹಸು ಫೋನಿಗೇ ಮೂತಿ ತಾಗಿಸಿತು. ಮೈಸೂರಿನಲ್ಲಿ ಪುರೋಹಿತರು ಹಿಂದಕ್ಕೆ ಸರಿದದ್ದು ಎಲ್ಲರಿಗೂ ಕಂಡಿತು. "ಶಿವ ಶಿವಾ! ಸಾಕ್ಷಾತ್ ಗೋಮಾತೆ! ನಮ್ಮ ಮೈಸೂರಲ್ಲೇ ಈಗ ಸಿಕ್ಕೋದಿಲ್ಲವಲ್ರೀ!"

ಅತ್ತೆ ಕುಂಕುಮವಿಟ್ಟರು, ಹೆಂಗಸರು ಆರತಿ ಎತ್ತಿದರು. ಹಸು ಗಂಭೀರವಾಗಿ ಒಳಗೆ ಹೋಗಿ, ನಡುಮನೆಯಲ್ಲಿ ನಿಂತು, ಕೆನೆಬಣ್ಣದ ಹೊಚ್ಚ ಹೊಸ ಕಾರ್ಪೆಟ್ಟಿನ ಮೇಲೆ ಸಾವಧಾನವಾಗಿ ಸಗಣಿ ಹಾಕಿತು.

"ಲಕ್ಷ್ಮಿ ಬಂದಳು!" ಎಂದು ಅತ್ತೆ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ.

"ಕಾರ್ಪೆಟ್..." ಎಂದ ಆಶಿಷ್.

"ನಗು," ಎಂದು ಸಿಂಚನಾ ಹಲ್ಲು ಕಚ್ಚಿಕೊಂಡೇ ಹೇಳಿದಳು. "ವಿಡಿಯೋ ಆಗ್ತಿದೆ."

ಊಟದ ಹೊತ್ತಿಗೆ ಸುಮಂತ ಲೀಡ್ಸ್ ಕನ್ನಡಿಗರ ಕಣ್ಮಣಿಯಾಗಿದ್ದ. ಅವನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ಮಾವ ಡಬ್ಬಿಯನ್ನು ಗಾಜಿನಿಂದ ಬಿಡಿಸಿ ತಂದು ದೇವರ ಮುಂದಿಟ್ಟು ಹೂವೇರಿಸಿದ್ದರು, ಕಂಡಕಂಡವರಿಗೆ, "ದಾರಿ ತಪ್ಪಿದ್ದಲ್ಲ ಸ್ವಾಮಿ. ನಮ್ಮ ಅಳಿಯಂದಿರು ಹಸುವಿಗೋಸ್ಕರವೇ ಆ ಕಡೆ ಹೋದದ್ದು," ಎನ್ನುತ್ತಿದ್ದರು. ಸುಮಂತ ಇಲ್ಲವೆನ್ನಲಿಲ್ಲ. ಮೊದಲ ಪಂಕ್ತಿಗೆ ಕಥೆ ಹೇಳುವಾಗ ಹಸು ಆಕಸ್ಮಿಕವಾಗಿ ಸಿಕ್ಕಿತ್ತು. ಎರಡನೆಯ ಪಂಕ್ತಿಗೆ ರೌಂಡಬೌಟಿನಲ್ಲೇ ಅದರ ಅಂದಾಜಿತ್ತು. ಮೂರನೆಯ ಪಂಕ್ತಿ ಕೂರುವಷ್ಟರಲ್ಲಿ ಅವನು ಕೊವೆಂಟ್ರಿ ಬಿಟ್ಟಿದ್ದೇ ಹಸು ಹುಡುಕಲಿಕ್ಕೆ.

ಆ ಅಮಲಿನಲ್ಲೇ ಎದ್ದು ನಿಂತು, ತುಪ್ಪ ಬಡಿಸುತ್ತಿದ್ದ ಹೆಂಡತಿಯನ್ನು ಇಡೀ ಪಂಕ್ತಿಯ ಎದುರು ತಡೆದ.

"ಸಂಯುಕ್ತಾ, ಮುಹೂರ್ತಕ್ಕೆ ಸರಿಯಾಗಿ ಎಲ್ಲರನ್ನೂ ಮುಟ್ಟಿಸಿದೆನೋ ಇಲ್ಲವೋ? ಇನ್ನು ಮೇಲೆ ನಮ್ಮ ಕಾರು ಓಡಿಸೋದು ಯಾರು, ಎಲ್ಲರ ಮುಂದೆ ಹೇಳಿಬಿಡು ನೋಡೋಣ."

ಪಂಕ್ತಿಯಲ್ಲಿ ಕೈಗಳು ಬಾಯಿಗೂ ಎಲೆಗೂ ನಡುವೆ ನಿಂತವು. ಮಾವ ಹೆಮ್ಮೆಯಿಂದ ಮಗಳ ಕಡೆ ನೋಡಿದರು. ಸಂಯುಕ್ತಾ ತುಪ್ಪದ ಗಿಂಡಿಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಂಗೈ ಚಾಚಿದಳು.

"ಹಸು ಬೇಕಾದ ದಿನ ನೀವೇ ಓಡಿಸಿ, ರೀ. ಇವತ್ತು ನಮಗೆ ಮನೆಗೆ ಹೋಗ್ಬೇಕು. ಕೀಲಿ ಕೊಡಿ."