ಗುರುಪಾದಯ್ಯನ ವಿಜ್ಞಾನ ತಾಸು

ತಿಕೋಟಾದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗಲೇ ಗುರುಪಾದಯ್ಯನಿಗೆ ತನ್ನ ವಂಶಕ್ಕೆ ತಗುಲಿದ ಕಳಂಕದ ಸುದ್ದಿ ಗೊತ್ತಾಯಿತು.

“ಅಯ್ಯಾರ, ನಿಮ್ಮ ಹಿರ್ಯಾರಿಗೆ ಬಾಲ ಇತ್ತಂತಲ್ರಿ? ಅಕ್ಕಾರು ಸಾಲ್ಯಾಗ ಹೇಳ್ಯಾರಂತ,” ಎಂದ ಕ್ಷೌರಿಕ ದಶರಥ, ಕತ್ತಿಯನ್ನು ಅಯ್ಯನ ಕುತ್ತಿಗೆಯ ಹತ್ತಿರವೇ ಹಿಡಿದು. (ಅಂಥ ಹೊತ್ತಿನಲ್ಲಿ ಯಾವ ಪಂಡಿತನೂ ವಾದಕ್ಕಿಳಿಯುವುದಿಲ್ಲ.)

ಅಕ್ಕಾರು ಅಂದರೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ವಿಜಯಲಕ್ಷ್ಮೀ, ಸಾಕ್ಷಾತ್ ಗುರುಪಾದಯ್ಯನ ಧರ್ಮಪತ್ನಿ. ಅವನೋ ಅದೇ ಶಾಲೆಯ ಸಮಿತಿಯ ಅಧ್ಯಕ್ಷ. ದ್ರಾಕ್ಷಿ ತೋಟಗಳಿಗೆ ಔಷಧ ಮಾರುವ ದೊಡ್ಡ ಅಂಗಡಿಯ ಮಾಲೀಕ. ಊರಲ್ಲಿ ಅವನ ಮಾತಿಗೆ ಎದುರಿಲ್ಲ. ಮನೆಯಲ್ಲಿ ಎದುರೇ ಎಲ್ಲ.

ಸಂಜೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಂದೆ ಹೋಗಿ ನಿಂತ.

“ನೋಡು, ದೇವರು ಜಗತ್ತು ಹುಟ್ಟಿಸಿದ್ದನ್ನೂ ವಿಜ್ಞಾನದ ತಾಸಿನ್ಯಾಗ ಹೇಳಬೇಕು. ನಾಳೆ ಮೀಟಿಂಗಿನ್ಯಾಗ ಠರಾವ್ ಮಾಡ್ತೇನಿ. ಪಕ್ಕಾ!”

“ಮಠದಾಗ ಪುರಾಣಾ ಹಚ್ಚಿ ಹೇಳ್ರಿ, ನಾನೂ ಬಂದು ಕೂಡ್ತೇನಿ. ದಿನಾ ಲಿಂಗಪೂಜಿ ಮಾಡಾಕಿ ನಾನು. ಆದ್ರ ವಿಜ್ಞಾನದ ತಾಸಿನ್ಯಾಗ ತಪಾಸ್ ಮಾಡಿ ಒಪ್ಪಿದ್ದಷ್ಟ ಹೇಳ್ತೇನಿ. ಠರಾವ್ ಆತಂದ್ರ ಮರುದಿನ ರಾಜೀನಾಮಾ.”

ರೊಟ್ಟಿಗೆ ಬಿದ್ದ ಪೆಟ್ಟು ಕೇಳಿದರೆ ಇದು ತಮಾಷೆಯಲ್ಲ ಅನ್ನುವುದು ಸ್ಪಷ್ಟವಿತ್ತು.

“ಮಂಗ್ಯಾನ ಮೊಮ್ಮಗ ಅಂತ ಜನಾ ನಗಾಕತ್ತಾರ ನನಗ!”

“ಹಂಗ ನಾ ಅಂದೇ ಇಲ್ರಿ. ಮಂಗ್ಯಾಗೂ ನಮಗೂ ಭಾಳ ಹಿಂದಿನ ಹಿರ್ಯಾರು ಒಬ್ಬರ ಅಂದೇನಿ.”

“ಅಂದ್ರ ಅಣ್ಣತಮ್ಮರಾತು! ಇನ್ನೂ ಕೆಟ್ಟಾತು!”

ವಿಜಯಲಕ್ಷ್ಮೀ ಕೈ ಒರೆಸಿಕೊಂಡಳು. “ಮೀಟಿಂಗಿಗಿಂತ ಮೊದಲ ನೀವ ಒಂದು ತಾಸು ತಗೋರಿ. ಹುಡುಗ್ರು ಕೇಳಿದ್ದಕ್ಕ ಉತ್ತರಾ ಕೊಡಬೇಕು. ಬಾಯಿ ಮುಚ್ಚ್ರಿ ಅನ್ನಂಗಿಲ್ಲ.”

“ಅಷ್ಟಽ?” ಎಂದು ನಕ್ಕ ಗುರುಪಾದಯ್ಯ.

ಮರುದಿನ ಇಸ್ತ್ರಿ ಹಾಕಿದ ಧೋತರ, ಹಣೆತುಂಬ ವಿಭೂತಿ, ಹೆಗಲಿಗೆ ಶಾಲು. ಹೆಡ್‌ಮಾಸ್ತರ ರಾಜಾರಾಮ ಅವರು ಖುದ್ದಾಗಿ ಕುರ್ಚಿ ತಂದಿಟ್ಟರು. ವಿಜಯಲಕ್ಷ್ಮೀ ಹಿಂದಿನ ಬೆಂಚಿನಲ್ಲಿ ಕೂತಳು.

“ದೇವರು ಎಲ್ಲಾ ಜೀವ ಒಮ್ಮೆಲೇ ಹುಟ್ಟಿಸ್ಯಾನ,” ಗುರುಪಾದಯ್ಯ ಗುಡುಗಿದ. “ಇರುವಿ ಅಂದ್ರ ಇರುವಿನ, ಆನಿ ಅಂದ್ರ ಆನಿನ. ಅವತ್ತಿನಿಂದ ಇವತ್ತಿನ ತನಕ ಒಂದು ಕೂದಲಾ ಸೈತ ಬದಲಾಗಿಲ್ಲ!”

ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. “ಸರ್, ನಾ ಮೇಘಾ, ಹೊನವಾಡದ ಭಾಗಪ್ಪನ ಮಗಳು. ಹೋದ ವಾರ ನೀವು ನಮ್ಮಪ್ಪಗ, ಹುಳಾ ಬದಲಾಗ್ಯಾವು, ಹಳೇ ಔಷಧಕ್ಕ ಸಾಯಂಗಿಲ್ಲ ಅಂತ ಹೊಸಾದು ಕೊಟ್ರಿ. ಬದಲಾಗಿಲ್ಲಂದ್ರ ಹಳೇದ ನಡೀತಿತ್ತಲ್ರಿ?”

ಗುರುಪಾದಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬದಲಾಗಿಲ್ಲ ಎಂದರೆ ಸಂಜೆಯೊಳಗೆ ಭಾಗಪ್ಪ ಡಬ್ಬಿ ವಾಪಸು ತರುತ್ತಾನೆ. ಅವನ ಹಿಂದೆ ಇಡೀ ಹೊನವಾಡ! ಸೃಷ್ಟಿಯನ್ನು ಆಮೇಲೆ ನೋಡಿಕೊಳ್ಳಬಹುದು, ಅಂಗಡಿಯ ಮಾನ ಮೊದಲು.

“ಬದಲಾಗ್ಯಾವವ್ವಾ, ಖರೇನ ಬದಲಾಗ್ಯಾವ!” ಎಂದು ಸೀಮೆಸುಣ್ಣ ಹಿಡಿದು ಹಲಗೆಗೆ ಹಾರಿದ. “ನೂರು ಹುಳಕ್ಕ ಔಷಧ ಹೊಡದಿ. ತೊಂಬತ್ತೆಂಟು ಸತ್ವು. ಹುಟ್ಟಾ ಗಟ್ಟಿ ಇದ್ದ ಎರಡು ಉಳದ್ವು. ಅವುಗಳ ಮರೀನೂ ಗಟ್ಟಿ. ಮತ್ತ ಹೊಡದಿ, ಮತ್ತ ಗಟ್ಟೀವ ಉಳದ್ವು. ನಾಕೈದು ವರ್ಷಕ್ಕ ತ್ವಾಟದ ತುಂಬ ಅವುಗಳದ ಸಂತತಿ!”

“ಯಾರೂ ಕೈಹಾಕಿ ಬದಲ ಮಾಡಿಲ್ಲೇನ್ರಿ, ಸರ್?”

“ಯಾರು ಮಾಡ್ತಾರವ್ವಾ? ತಾನ ಆಗ್ತೈತಿ. ಇಪ್ಪತ್ತು ವರ್ಷದಿಂದ ಕಣ್ಣಾರೆ ನೋಡಾಕತ್ತೇನಿ!”

ನಲವತ್ತು ಪೆನ್ನುಗಳು ಸರಸರ ಓಡಿದವು. ವಿಜಯಲಕ್ಷ್ಮೀ ಎದ್ದು ನಿಂತಳು. “ಬರಕೊಂಡ್ರೇನು? ಇದಕ್ಕ ನಿಸರ್ಗದ ಆಯ್ಕೆ ಅಂತಾರ. ನಾಳಿನ ಪಾಠಾ ಅಧ್ಯಕ್ಷರು ಇವತ್ತ ಮುಗಿಸ್ಯಾರ.”

ಮೀಟಿಂಗಿನಲ್ಲಿ ಗುರುಪಾದಯ್ಯನ ಠರಾವು ಕಿಸೆಯಿಂದ ಹೊರಗೆ ಬರಲೇ ಇಲ್ಲ. ಬದಲಿಗೆ ರಾಜಾರಾಮ ಸರ್ ಇನ್ನೊಂದು ತಂದರು: ಜೀವವಿಕಾಸದ ಪಾಠವನ್ನು ವರ್ಷವರ್ಷ ಮಾನ್ಯ ಅಧ್ಯಕ್ಷರೇ ಮಾಡಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾನ್ಯ ಅಧ್ಯಕ್ಷರು ಸಹಿ ಹಾಕಿದರು.

ಮನೆಗೆ ಹೋಗುವಾಗ ಬೈಕಿನ ಹಿಂದಿನಿಂದ ವಿಜಯಲಕ್ಷ್ಮೀ ಮೆಲ್ಲಗೆ ಹೇಳಿದಳು:

“ರೀ, ಬಬಲೇಶ್ವರ ಸಾಲ್ಯಾರೂ ಫೋನ್ ಮಾಡಿದ್ರು, ಸೋಮವಾರ ಇದಽ ಪಾಠಾ ಹೇಳಾಕ ನಿಮ್ಮನ್ನ ಕಳಸ್ರಿ ಅಂತ. ನಾ ಹೂಂ ಅಂದೇನಿ.”